ಪ್ರಶ್ನೋತ್ತರ: ಬಳಸುವವರ ಪಕ್ಕದಲ್ಲಿ ಕುಳಿತು ತಂತ್ರಾಂಶವನ್ನು ಅಳೆಯುವುದು

ಉಡುಪಿಯ ಸದಸ್ಯರು: ಮೇಡಂ, ನಾವು ಒಂದು ಸಹಕಾರಿ ಸಂಘಕ್ಕೆ ಮಾಡಿಕೊಟ್ಟ ತಂತ್ರಾಂಶದಲ್ಲಿ ಠೇವಣಿ ರಶೀದಿ ಮಾಡಲು ನಮ್ಮ ಕಚೇರಿಯಲ್ಲಿ ಒಂದು ನಿಮಿಷ ಸಾಕಾಗಿತ್ತು, ಕೌಂಟರಿನಲ್ಲಿ ನಾಲ್ಕು ನಿಮಿಷ ಹಿಡಿಯಿತು. ಗುಮಾಸ್ತೆಯವರಿಗೆ ಮಾಡುತ್ತಿರುವುದನ್ನೆಲ್ಲ ಬಾಯಿಬಿಟ್ಟು ಹೇಳಲು ತಿಳಿಸಿದ್ದೆವು. ಮ್ಯಾನೇಜರರೂ ಹಿಂದೆ ನಿಂತಿದ್ದರು. ಇನ್ನಷ್ಟು ತರಬೇತಿ ಕೊಡಬೇಕೇ?

ಉತ್ತರ: ತರಬೇತಿಯ ಮಾತು ಆಮೇಲೆ, ಆ ನಾಲ್ಕು ನಿಮಿಷವನ್ನೇ ನಾನು ನಂಬುವುದಿಲ್ಲ. ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಿಸುವುದು ಎಲ್ಲಿ ಎಡವುತ್ತಾರೆಂದು ತಿಳಿಯುವುದಕ್ಕೇ ಹೊರತು ಸಮಯ ಅಳೆಯುವುದಕ್ಕಲ್ಲ. ಮೇಲಿನವರು ಬೆನ್ನ ಹಿಂದೆ ನಿಂತರೆ ಯಾರಾದರೂ ಪ್ರತಿ ಅಂಕಿಯನ್ನೂ ಎರಡೆರಡು ಸಲ ನೋಡುತ್ತಾರೆ. ಮ್ಯಾನೇಜರರನ್ನು ಹೊರಗೆ ಕಳುಹಿಸಿ, ಒಂದಿಡೀ ಬೆಳಗ್ಗೆ ಗುಮಾಸ್ತೆಯವರ ಪಕ್ಕದಲ್ಲಿ ಸುಮ್ಮನೆ ಕುಳಿತು, ಪರದೆಯಷ್ಟೇ ಮೇಜನ್ನೂ ನೋಡಿ. ಮಂಗಳೂರಿನ ಇಂಥದ್ದೇ ಕೌಂಟರಿನಲ್ಲಿ ಗುಮಾಸ್ತೆಯೊಬ್ಬರು ಪ್ರತಿ ಸಲವೂ ಸದಸ್ಯತ್ವ ಸಂಖ್ಯೆಯನ್ನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದುದನ್ನು ಕಂಡೆ. ಎರಡನೆಯ ಪುಟ ತೆರೆದೊಡನೆ ಆ ಸಂಖ್ಯೆ ಪರದೆಯಿಂದ ಮಾಯವಾಗುತ್ತಿತ್ತು. ಎದುರಿದ್ದವರು ತುಳುವಿನಲ್ಲಿ ಬಡ್ಡಿ ವಿಚಾರಿಸಿದಾಗ ಗುಮಾಸ್ತೆ ಉತ್ತರಿಸಿ ಪರದೆಯತ್ತ ತಿರುಗುವಷ್ಟರಲ್ಲಿ ಲಾಗಿನ್ ಪುಟ ಬಂದಿರುತ್ತಿತ್ತು. ಕೇಳಿದರೆ "ಏನೂ ತೊಂದರೆ ಇಲ್ಲ" ಎಂದರು. ಐಎಸ್‌ಒ 9241-11 ಎಂಬ, ಬಳಕೆಯ ಸುಲಭತೆಯ ಕುರಿತ ಅಂತರರಾಷ್ಟ್ರೀಯ ಮಾನಕವು ಪರಿಣಾಮಕಾರಿತ್ವ, ದಕ್ಷತೆ, ತೃಪ್ತಿ ಮೂರನ್ನೂ ನಿರ್ದಿಷ್ಟ ಬಳಕೆದಾರರಿಗೆ, ನಿರ್ದಿಷ್ಟ ಸನ್ನಿವೇಶಕ್ಕೆ ಕಟ್ಟಿಹಾಕಿರುವುದು ಇದಕ್ಕಾಗಿಯೇ. ನಿಮ್ಮ ಕಚೇರಿಯಲ್ಲಿ ಸರತಿಸಾಲು ಇರಲಿಲ್ಲವಲ್ಲ?

ಸುರತ್ಕಲ್‌ನ ಸದಸ್ಯರು: ಐದು ಮಂದಿಯನ್ನು ನೋಡಿದರೆ ಶೇ. 85ರಷ್ಟು ದೋಷ ಸಿಗುತ್ತದೆಂದು ವಾಟ್ಸಾಪಿನಲ್ಲಿ ಬಂದಿದೆ.

ಉತ್ತರ: ಅದು ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡವರ್ 1993ರಲ್ಲಿ ಕೊಟ್ಟ ಸೂತ್ರದ ಲೆಕ್ಕ. ಒಬ್ಬೊಬ್ಬರಿಂದ ಶೇ. 31ರಷ್ಟು ದೋಷ ಬಯಲಾಗುತ್ತದೆಂಬ ಸರಾಸರಿಯ ಮೇಲೆ ನಿಂತಿದೆ; ನಿಮ್ಮಲ್ಲಿ ಅದು ಕಡಿಮೆಯಿದ್ದರೆ ಐದು ಮಂದಿ ಸಾಲದು. ಸರಾಸರಿ ಸಮಯ ಹೇಳಲಂತೂ ಸಾಲದು. ಫಾರ್ವರ್ಡ್ ಮಾಡಿದವರು ಈ ಭಾಗವನ್ನು ಬಿಟ್ಟಿರುತ್ತಾರೆ.

ಬಂಟ್ವಾಳದ ಸದಸ್ಯರು: ಎಸ್‌ಯುಎಸ್ ಎಂಬ, ತಂತ್ರಾಂಶ ಬಳಸಲು ಎಷ್ಟು ಸುಲಭವೆಂದು ಬಳಸುವವರನ್ನೇ ಕೇಳಿ ಅಂಕ ಕೊಡುವ ಪ್ರಶ್ನಾವಳಿಯ ಹತ್ತು ಹೇಳಿಕೆಗಳನ್ನು ಕನ್ನಡಕ್ಕೆ ತಂದು ಕೇಳಿದರೆ ಅಂಕ ಹೋಲಿಸಬಹುದೇ?

ಮಣಿಪಾಲದ ಸದಸ್ಯರು: ಐದು ಮಂದಿ ಸಾಕಲ್ಲವೇ ಮೇಡಂ?

ಉತ್ತರ: ಮೇಲೆ ಬರೆದಿದ್ದೇನೆ.

ಕದ್ರಿಯ ಸದಸ್ಯರು: ಇಷ್ಟೆಲ್ಲ ಬೇಡ. ಯಾವ ಕೆಲಸವೂ ಮೂರು ಕ್ಲಿಕ್ ಮೀರದಂತೆ ಮಾಡಿದರಾಯಿತು.

ಮಣಿಪಾಲದ ಸದಸ್ಯರು: ಮೂರು ಕ್ಲಿಕ್ಕಿನಲ್ಲಿ ಠೇವಣಿ ರಶೀದಿ ಮಾಡಿ ತೋರಿಸಿ ಮಾರಾಯ್ರೇ.

ಕದ್ರಿಯ ಸದಸ್ಯರು: ನಾನು ಹದಿನೈದು ವರ್ಷಗಳಿಂದ ತಂತ್ರಾಂಶ ಬರೆಯುತ್ತಿದ್ದೇನೆ.

ಮಣಿಪಾಲದ ಸದಸ್ಯರು: ಬರೆದಿದ್ದೀರಿ, ಬಳಸುವವರ ಪಕ್ಕದಲ್ಲಿ ಎಷ್ಟು ದಿನ ಕುಳಿತಿದ್ದೀರಿ?

ಉತ್ತರ: ಇಬ್ಬರೂ ನಿಲ್ಲಿಸಿ. ಕ್ಲಿಕ್ ಎಣಿಸುವ ಆ ನಿಯಮಕ್ಕೆ ಪುರಾವೆಯಿಲ್ಲ. ದಯವಿಟ್ಟು ಇಲ್ಲಿ ಮತ್ತೆ ಹಂಚಬೇಡಿ.

ಬಂಟ್ವಾಳದ ಸದಸ್ಯರು: ನನ್ನ ಪ್ರಶ್ನೆ ಹಾಗೆಯೇ ಉಳಿಯಿತು.

ಉಡುಪಿಯ ಸದಸ್ಯರು: ಮೇಡಂ, ಮ್ಯಾನೇಜರರು ಹೊರಗೆ ಹೋಗಲು ಒಪ್ಪುತ್ತಿಲ್ಲ.

ಉತ್ತರ: ಹಾಗಾದರೆ ಮೊದಲ ರಶೀದಿಯನ್ನು ಅವರಿಂದಲೇ ಮಾಡಿಸಿ. ಗುಮಾಸ್ತೆಯವರು ಹಿಂದೆ ನಿಲ್ಲಲಿ.