ದುಂಬಿಯ ತೂತಿಗೆ ಅಂಟು ಮೆತ್ತುವ ಈ ದೊಡ್ಡ ಜೇನು ಯಾವುದು?

ಹಿತ್ತಲಗಿಡ:
ನಾವಿರುವುದು ನಾರ್ತ್ ಕ್ಯಾರೊಲಿನಾದಲ್ಲಿ. ಮನೆಯ ಡೆಕ್ಕಿನ, ಅಂದರೆ ಮರದ ಜಗಲಿಯ, ತೊಲೆಯಲ್ಲಿ ಕಪ್ಪು ದುಂಬಿ ಕೊರೆದ ತೂತುಗಳಿವೆ, ನಮ್ಮೂರಲ್ಲಿ ಒಣ ಬಿದಿರಿಗೆ ಕೊರೆಯುತ್ತವಲ್ಲ, ಹಾಗೇ. ಜುಲೈನಿಂದ ಅಲ್ಲಿಗೆ ಒಂದು ಉದ್ದನೆಯ ಜೇನು ಬರುತ್ತಿದೆ. ಎದೆ ಮೇಲೆ ಕಂದು ರೋಮ, ಹಿಂಭಾಗ ಕಪ್ಪು, ಬಾಯಲ್ಲಿ ಮರದ ಅಂಟಿನ ಉಂಡೆ. ನಿನ್ನೆ ತೂತಿನ ಕೆಳಗೆ ದುಂಬಿಯೊಂದು ಸತ್ತು ಬಿದ್ದಿತ್ತು, ರೆಕ್ಕೆಯೆಲ್ಲ ಅಂಟು ಅಂಟು. ನೋಡಿ ತುಂಬಾ ಬೇಜಾರಾಯಿತು.

ಕಾಡುಹಾದಿ:
ಮೆಗಾಕೈಲ್ ಸ್ಕಲ್ಪ್ಚುರಾಲಿಸ್ ಇರಬೇಕು. ಮೂಲ ಜಪಾನ್, ಕೊರಿಯಾ, ಚೀನಾ ಕಡೆ. ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು ನಿಮ್ಮ ರಾಜ್ಯದಲ್ಲೇ, 1994ರಲ್ಲಿ. ಒಂಟಿ ಜೇನು ಇದು, ರಾಣಿಯೂ ಇಲ್ಲ, ಹುಟ್ಟೂ ಇಲ್ಲ. ಮರ ಕೊರೆಯಲು ಅದಕ್ಕೆ ಬರುವುದಿಲ್ಲ, ಹಾಗಾಗಿ ದುಂಬಿಯನ್ನು ಓಡಿಸಿ ಅದರ ತೂತನ್ನೇ ಹಿಡಿಯುತ್ತದೆ, ಕೆಲವೊಮ್ಮೆ ಸಾಯಿಸಿಯೂ ಬಿಡುತ್ತದೆ. ಮರಿಗಳು ಚಳಿಗಾಲವೆಲ್ಲ ಮರದೊಳಗೇ ಇರುತ್ತವೆ, ಆ ಮರ ಹಡಗೋ ಲಾರಿಯೋ ಹತ್ತಿದರೆ ಜೇನೂ ಊರು ದಾಟಿತು ಅಂತಲೇ ಲೆಕ್ಕ.

ದೂರದಊರು:
ಯುರೋಪಿನಲ್ಲೂ ಇದೇ ಕತೆ. 2008ರಲ್ಲಿ ಫ್ರಾನ್ಸಿನ ಮಾರ್ಸೇ ಹತ್ತಿರ ಕಂಡಿತು, ಆಮೇಲೆ ಇಟಲಿ, ಸ್ವಿಟ್ಜರ್ಲೆಂಡ್, ಜರ್ಮನಿ. ನಾನಿರುವ ಇಟಲಿಯಲ್ಲಿ ರಸ್ತೆ ಬದಿಯ ಪಗೋಡ ಮರ ಹೂ ಬಿಟ್ಟರೆ ಸಾಕು, ಹಾಜರ್. ಬಾಲ್ಕನಿಯಲ್ಲಿ ಜೇನಿಗೆಂದು ಇಟ್ಟ ಬಿದಿರಿನ ಕೊಳವೆಗಳಿಂದ ಇದು ಬೇರೆ ಜೇನಿನ ಮಣ್ಣಿನ ಗೋಡೆ, ಗೂಡು, ಮರಿ ಎಲ್ಲ ಎಳೆದು ಬಿಸಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಈಗ 6 ಮಿಲಿಮೀಟರಿನ ಸಣ್ಣ ಕೊಳವೆ ಮಾತ್ರ ಇಡುತ್ತೇನೆ, ಅದರೊಳಗೆ ಇದು ತೂರುವುದಿಲ್ಲ.

ಹಿತ್ತಲಗಿಡ:
ಥ್ಯಾಂಕ್ಸ್. ಅಂಟು ಮೆತ್ತಿದ ತೂತುಗಳ ಫೋಟೋ ಸಂಜೆ ಹಾಕುತ್ತೇನೆ, ಒಮ್ಮೆ ನೋಡಿ ಹೇಳಿ.