ಇಲಿಜ್ವರ ವಾಸಿಯಾದ ಮೇಲೆ ಕಣ್ಣು ಕೆಂಪಾಗಿದೆ, ಅನುಭವವಿದ್ದವರು ತಿಳಿಸಿ

ಪ್ರಶ್ನೆ (ಸುರಪುರ ತಾಲೂಕು): ಭತ್ತದ ನಾಟಿಯ ಹೊತ್ತಿನಲ್ಲಿ ನನ್ನ ತಮ್ಮನಿಗೆ ಇಲಿಜ್ವರ ಬಂದು, ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದಿದ್ದನು. ಈಗ ಮೂರು ತಿಂಗಳ ಮೇಲೆ ಅವನ ಬಲಗಣ್ಣು ಕೆಂಪಾಗಿದೆ, ಬಿಸಿಲಿಗೆ ತೆರೆಯಲಾಗುತ್ತಿಲ್ಲ, ನೋಟವೂ ಮಸುಕಾಗಿದೆ. ಮದ್ರಾಸ್ ಐ ಎಂದು ಔಷಧಿ ಅಂಗಡಿಯಲ್ಲಿ ಕೊಟ್ಟ ಹನಿ ನಾಟಲಿಲ್ಲ. ಆ ಜ್ವರಕ್ಕೂ ಈ ಕಣ್ಣಿಗೂ ಸಂಬಂಧವಿದೆಯೇ?

ಉತ್ತರ (ಶಹಾಪುರ): ಇರುವ ಸಾಧ್ಯತೆ ಇದೆ, ದಯವಿಟ್ಟು ತಡಮಾಡಬೇಡಿ. ನಮ್ಮ ತಾಯಿಯವರಿಗೂ ಹೀಗೆಯೇ ಆಗಿತ್ತು. ನಾರಾಯಣಪುರ ಕಾಲುವೆಯ ನೀರಿನ ಗದ್ದೆಯಲ್ಲಿ ಬರಿಗಾಲಲ್ಲಿ ನಾಟಿ ಮಾಡಿದವರು ಅವರು. ಇಲಿ ಮತ್ತು ದನಗಳ ಮೂತ್ರ ಬೆರೆತ ಕೆಸರಿನಿಂದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಕಾಲಿನ ಬಿರುಕು, ಗಾಯಗಳ ಮೂಲಕ ಒಳಸೇರುತ್ತದೆ ಎಂದು ಆಮೇಲೆ ತಿಳಿಯಿತು. ಜ್ವರ ಇಳಿದು ಎರಡು ತಿಂಗಳಾದ ಮೇಲೆ, ರೊಟ್ಟಿ ಬಡಿಯಲು ಕುಳಿತರೆ ಒಲೆಯ ಬೆಂಕಿಯ ಬೆಳಕಿಗೇ ಕಣ್ಣು ಮುಚ್ಚಿಕೊಳ್ಳತೊಡಗಿದರು. ಪಿಸುರು ಬರಲಿಲ್ಲ, ರೆಪ್ಪೆ ಅಂಟಲಿಲ್ಲ. ಕೆಂಪೆಲ್ಲ ಕರಿಗುಡ್ಡೆಯ ಸುತ್ತಲೇ ಇತ್ತು, ಒಳಗಿನಿಂದ ಸೆಳೆತ ಬೇರೆ. ಮದ್ರಾಸ್ ಐ ಆದರೆ ಪಿಸುರು ಕಟ್ಟುತ್ತದೆ, ನೋಟ ಸಾಮಾನ್ಯವಾಗಿ ಮಂಕಾಗುವುದಿಲ್ಲ. ಈ ವ್ಯತ್ಯಾಸ ನಮಗೆ ಗೊತ್ತಿರಲಿಲ್ಲವಾದ್ದರಿಂದ ಹನ್ನೆರಡು ದಿನ ವ್ಯರ್ಥವಾಗಿ ಕಳೆದೆವು, ಅದು ಇಂದಿಗೂ ನನ್ನನ್ನು ಬಾಧಿಸುತ್ತದೆ.

ಕೊನೆಗೆ ಕಲಬುರಗಿಯ ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಿ, ಕರಿಗುಡ್ಡೆಯ ಕೆಳಅಂಚಿನಲ್ಲಿ ಉಗುರಿನ ಬುಡದ ಬಿಳಿಯಷ್ಟೇ ತೆಳುವಾಗಿ ಕೀವು ಕೂತಿರುವುದನ್ನು ನನಗೂ ತೋರಿಸಿದರು. ಇದಕ್ಕೆ ಯುವೈಟಿಸ್, ಅಂದರೆ ಕಣ್ಣಿನ ನಡುಪದರದ ಉರಿಯೂತ ಎನ್ನುತ್ತಾರೆ. "ಇತ್ತೀಚೆಗೆ ದೊಡ್ಡ ಜ್ವರ ಬಂದಿತ್ತೇ?" ಎಂದು ಅವರು ಕೇಳದಿದ್ದರೆ ನಾವಾಗಿ ಹೇಳುತ್ತಿರಲಿಲ್ಲ. 1993ರಲ್ಲಿ ಮದುರೆಯ ಸುತ್ತ ಪ್ರವಾಹ ಬಂದ ಮೇಲೆ, 1994ರಲ್ಲಿ ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಇಂಥ 73 ರೋಗಿಗಳನ್ನು ಗುರುತಿಸಲಾಗಿತ್ತು. ಜ್ವರ ಬಿಟ್ಟು ವಾರಗಳ ಮೇಲೆ, ಕೆಲವೊಮ್ಮೆ ಹಲವು ತಿಂಗಳ ಮೇಲೂ ಕಣ್ಣಿಗೆ ಬರುವುದೇ ಇದರ ರೀತಿ.

ತಾಯಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ (ಉರಿಯೂತ ಇಳಿಸುವ ಔಷಧಿ) ಹನಿಯನ್ನು ಮೊದಮೊದಲು ಗಂಟೆಗೊಮ್ಮೆ ಹಾಕಿದೆವು. ಆ ಸೀಸೆಯನ್ನು ಪ್ರತಿಸಲ ಚೆನ್ನಾಗಿ ಅಲುಗಾಡಿಸಲೇಬೇಕು, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿದು ಬರೀ ನೀರು ಕಣ್ಣಿಗೆ ಬೀಳುತ್ತದೆ. ಪಾಪೆಯನ್ನು ಹಿಗ್ಗಿಸುವ ಇನ್ನೊಂದು ಹನಿಯಿಂದ ಹತ್ತಿರದ್ದು ಮಬ್ಬಾಗಿ, ತೊಗರಿಬೇಳೆಯಲ್ಲಿನ ಕಲ್ಲು ಆರಿಸಲಾಗದೆ ಅವರು ಕಣ್ಣೇ ಹೋಯಿತೆಂದು ಅತ್ತರು. ಪಾಪೆ ಒಳಗಿನ ಮಸೂರಕ್ಕೆ ಅಂಟದಿರಲೆಂದೇ ಅದನ್ನು ಹಾಕುವುದು, ಬಿಟ್ಟ ಮೇಲೆ ಮಬ್ಬು ಹೋಗುತ್ತದೆ ಎಂದು ತಮ್ಮನಿಗೆ ಮೊದಲೇ ಹೇಳಿಡಿ. ಕೆಂಪು ವಾರದೊಳಗೇ ಇಳಿಯಿತು, ಆದರೂ ಹನಿಯನ್ನು ಆರು ವಾರ ಹಂತಹಂತವಾಗಿ ಕಡಿಮೆ ಮಾಡಿಸಿದರು. ನಡುವೆ ನಿಲ್ಲಿಸಿದರೆ ಉರಿಯೂತ ಮರುಕಳಿಸುತ್ತದೆ, ವೈದ್ಯರಿಲ್ಲದೆ ಮುಂದುವರಿಸಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು. ಅವರ ನೋಟ ಬಹುಪಾಲು ಮರಳಿದೆ.

ಉತ್ತರ (ಬೀದರ್): ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ನನ್ನ ಯುವೈಟಿಸ್‌ಗೆ ಕಾರಣ ಕ್ಷಯವಾಗಿತ್ತು. ಎದೆಯ ಎಕ್ಸ್‌ರೇ, ಮ್ಯಾಂಟೂ ಪರೀಕ್ಷೆ (ಕ್ಷಯ ಪತ್ತೆಗೆ ಚರ್ಮಕ್ಕೆ ಚುಚ್ಚಿ ನೋಡುವುದು) ಬರೆದುಕೊಟ್ಟಾಗ "ಕಣ್ಣಿಗೆ ಎದೆಯ ಫೋಟೊ ಏಕೆ?" ಎಂದು ಮನೆಯವರು ಬೇಸರಪಟ್ಟಿದ್ದರು. ಕ್ಷಯ ಒಳಗಿರುವಾಗ ಬರೀ ಸ್ಟಿರಾಯ್ಡ್ ಮಾತ್ರೆ ನುಂಗಿದರೆ ಅದು ಕೆರಳುತ್ತದೆ. ನಿಮ್ಮ ತಮ್ಮನಿಗೂ ಆ ಪರೀಕ್ಷೆಗಳನ್ನು ಬರೆದರೆ ದಯವಿಟ್ಟು ಮಾಡಿಸಿ. ಕಣ್ಣಿನ ಹಿಂಭಾಗವನ್ನೂ ಪಾಪೆ ಹಿಗ್ಗಿಸಿ ನೋಡಲು ಕೇಳಿ. ಆ ದಿನ ಅವನು ಬೈಕ್ ಓಡಿಸುವಂತಿಲ್ಲ, ಜೊತೆಗೊಬ್ಬರು ಹೋಗಿ.

ಪ್ರಶ್ನೆ ಕೇಳಿದವರು: ಜ್ವರದ ಸಮಯದ ಡಿಸ್ಚಾರ್ಜ್ ಚೀಟಿ ಟ್ರಂಕಿನಲ್ಲಿ ಸಿಕ್ಕಿತು, ರಕ್ತಪರೀಕ್ಷೆಯ ವರದಿಯೂ ಅದರಲ್ಲೇ ಇದೆ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಕಲಬುರಗಿಗೆ ನಾನೇ ಕರೆದೊಯ್ಯುತ್ತೇನೆ.