ಸಹಾಯ ಬೇಕು: ತಿಂಗಳ ಚಂದಾ ಕಟ್ಟಿ ಗೇಮ್ ಆಡಬಹುದಾ?

ಗೇಮ್ ಆಡುವವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಗೇಮ್ ಅನ್ನು 20ನೇ ಲೆವೆಲ್‌ವರೆಗೆ ಪುಕ್ಕಟೆ ಆಡಿದೆ. ಮುಂದೆ ಹೋಗಲು ಚಂದಾ ಕಟ್ಟಬೇಕು. ಅಮೆರಿಕದಲ್ಲಿ ತಿಂಗಳಿಗೆ ಸುಮಾರು 15 ಡಾಲರ್. 2004ರಿಂದ ಜನ ಕಟ್ಟುತ್ತಲೇ ಇದ್ದಾರೆ ಅಂದರೆ ಅದರಲ್ಲಿ ಏನೋ ಇರಬೇಕು, ಅಲ್ವಾ?

ನನಗೆ ದುಡ್ಡಿಗಿಂತ ಸಮಯದ್ದೇ ಚಿಂತೆ ಜಾಸ್ತಿ. ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೆಚ್ಚು, ಅದೂ ಮಗಳು ಮಲಗಿದ ಮೇಲೆ. ರೇಡ್‌ಗೆ, ಅಂದರೆ ದೊಡ್ಡ ಶತ್ರುಗಳನ್ನು ಗುಂಪು ಕಟ್ಟಿ ಎದುರಿಸುವುದಕ್ಕೆ, ಹತ್ತಿಪ್ಪತ್ತು ಜನ ಒಟ್ಟಿಗೆ ಸೇರಬೇಕು. ನಡುವೆ ಎದ್ದು ಹೋದರೆ ಬೈಗುಳ ಗ್ಯಾರಂಟಿ. ದುಡ್ಡು ಕಟ್ಟಿದ್ದೇನಲ್ಲ ಅಂತ ಸುಮ್ನೆ ನಿದ್ದೆಗೆಟ್ಟು ಆಡುವಂತಾದರೆ ಇನ್ನೊಂದು ನೌಕರಿ ಹಿಡಿದ ಹಾಗೆ. (ಇರುವ ಒಂದೇ ಸಾಕಾಗಿದೆ.)

ಇಂಥದ್ದೇ ಬೇರೆ ಗೇಮ್‌ಗಳನ್ನೂ ನೋಡಿದೆ. ಫೈನಲ್ ಫ್ಯಾಂಟಸಿ 14ರ ಫ್ರೀ ಟ್ರಯಲ್‌ಗೆ ದಿನಗಳ ಮಿತಿ ಇಲ್ಲ. ಆದರೆ ಒಮ್ಮೆ ಪೂರ್ತಿ ಆಟ ಕೊಂಡರೆ ಅದೇ ಅಕೌಂಟಿನಲ್ಲಿ ಟ್ರಯಲ್‌ಗೆ ವಾಪಸ್ ಬರಲು ಆಗುವುದಿಲ್ಲ. ಗಿಲ್ಡ್ ವಾರ್ಸ್ 2ಕ್ಕೆ ತಿಂಗಳ ಚಂದಾನೇ ಇಲ್ಲ.

ಒಬ್ಬರೇ, ಕಡಿಮೆ ಹೊತ್ತು ಆಡುವವರಿಗೆ ಚಂದಾ ಗಿಟ್ಟುತ್ತದಾ? ಬೆಂಗಳೂರಿನಿಂದ ಆಡುವವರಿಗೆ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು) ಎಷ್ಟು ಬರುತ್ತಿದೆ? ಒಂದೆರಡು ತಿಂಗಳು ಕಟ್ಟಿ ಬಿಟ್ಟವರಿದ್ದರೆ, ಯಾಕೆ ಬಿಟ್ಟಿರಿ ಅಂತಲೂ ಹೇಳಿ.